ಕುರ್ಚಿಗೂ ಒಂದು ಬೆಲೆಯುಂಟು

ಬೆಂಗಳೂರಿನಲ್ಲಿ ಕಾಫಿಯ ದರದಲ್ಲಿ ಕಾಣುವ ಭಾರೀ ಅಂತರಕ್ಕೆ ಬೀಜ, ಹಾಲು, ಸಕ್ಕರೆಗಳಿಗಿಂತ ಮುಖ್ಯ ಕಾರಣ ಕುರ್ಚಿ. ನಿಂತು ಕುಡಿದರೆ ಒಂದು ದರ. ಫ್ಯಾನಿನ ಕೆಳಗೆ ಕುಳಿತರೆ ಮತ್ತೊಂದು. ಹವಾನಿಯಂತ್ರಿತ ಕೊಠಡಿಯ ಸೋಫಾಕ್ಕೆ ಒರಗಿದರೆ ಅದರ ಹಲವು ಪಟ್ಟು. ನಾವು ಲೋಟಕ್ಕೆ ಕೊಡುತ್ತಿದ್ದೇವೆಂದು ಭಾವಿಸುವ ಹಣದ ದೊಡ್ಡ ಪಾಲು ಸಲ್ಲುವುದು ಜಾಗಕ್ಕೆ.

ಈ ಲೆಕ್ಕವನ್ನು ಚೆನ್ನಾಗಿ ಅರಿತದ್ದು ನಮ್ಮ ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಆರಂಭವಾದ ‘ಕೆಫೆ ದರ್ಶಿನಿ’ ಒಂದು ಹೊಸ ಪದ್ಧತಿಗೇ ಹೆಸರು ಕೊಟ್ಟಿತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಗಲ್ಲಾದಲ್ಲಿ ಹಣ ತೆತ್ತು ಟೋಕನ್ ಪಡೆದು, ಕಣ್ಣೆದುರಿಗೇ ಸಿದ್ಧವಾಗುವ ಇಡ್ಲಿ-ವಡೆಯನ್ನು ನಾವೇ ತಂದುಕೊಂಡು ತಿನ್ನಬೇಕು. ಇಕ್ಕಟ್ಟಾದ ಮಳಿಗೆಯಲ್ಲಿಯೂ ಗಂಟೆಗೆ ನೂರಾರು ಜನರನ್ನು ಸುಧಾರಿಸಬಹುದಾದ್ದರಿಂದ ಶುಚಿಯಾದ ತಿಂಡಿ ಅಗ್ಗವಾಯಿತು. ಗುಮಾಸ್ತ, ಆಟೋ ಚಾಲಕ, ಕಾಲೇಜು ವಿದ್ಯಾರ್ಥಿ ಒಂದೇ ಕಟ್ಟೆಯ ಸುತ್ತ ನಿಂತು ತಿನ್ನುವಂತಾಯಿತು. ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿರುತ್ತಿದ್ದ ಕಾಲವನ್ನು ಕಂಡ ನಾಡಿನಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೆ ಕುರ್ಚಿಯ ಜೊತೆಗೆ ಹರಟೆಯೂ ಎದ್ದು ಹೋಯಿತು. ಕಾಫಿ ಕಾರ್ಮಿಕರ ಸಹಕಾರ ಸಂಘಗಳು ರೂಪುಗೊಂಡದ್ದು 1957ರಿಂದ. ಅಂಥ ಸಂಘವೇ ನಡೆಸುತ್ತಿದ್ದ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್‌ನಲ್ಲಿ ಒಂದು ಲೋಟ ಕಾಫಿಗೆ ಒಂದು ಗಂಟೆ ಕುಳಿತರೂ ಪೇಟ ಧರಿಸಿದ ಮಾಣಿ ಹುಬ್ಬು ಗಂಟಿಕ್ಕುತ್ತಿರಲಿಲ್ಲ. 2009ರಲ್ಲಿ ಅದು ಆ ಜಾಗವನ್ನು ತೆರವು ಮಾಡಿ ಚರ್ಚ್ ಸ್ಟ್ರೀಟ್‌ಗೆ ಹೋದಾಗ ಅನೇಕರು ಮರುಗಿದ್ದು ಕಾಫಿಯ ರುಚಿಗಾಗಿ ಮಾತ್ರವಲ್ಲ.

ಕಲೆಯ ವಿಷಯವೂ ಇದಕ್ಕೆ ಹೊರತಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಿಂದ ನಡೆಸುತ್ತಿರುವ ಚಿತ್ರಸಂತೆಯನ್ನು ಕಲೆಯ ದರ್ಶಿನಿಯೆಂದೇ ಕರೆಯಬಹುದು. ಕುಮಾರಕೃಪಾ ರಸ್ತೆಯಲ್ಲಿ ಒಂದು ದಿನದ ಮಟ್ಟಿಗೆ ಚಿತ್ರ ಬೀದಿಗಿಳಿಯುತ್ತದೆ; ಗ್ಯಾಲರಿಯ ಮೆಟ್ಟಿಲು ಹತ್ತಲು ಅಂಜುವವರೂ ಸಂಕೋಚವಿಲ್ಲದೆ ಬೆಲೆ ಕೇಳುತ್ತಾರೆ. ಆದರೆ ಹಿಂದಿನವರು ತಳ್ಳುತ್ತಿರುವಾಗ ಒಂದು ಚಿತ್ರದೆದುರು ಅರ್ಧ ಗಂಟೆ ನಿಲ್ಲುವುದು ಸಾಧ್ಯವಿಲ್ಲ. ಅದಕ್ಕೆ ವೆಂಕಟಪ್ಪ ಆರ್ಟ್ ಗ್ಯಾಲರಿಯಂಥ ಸಾರ್ವಜನಿಕ ಸ್ಥಳವೇ ಬೇಕು. 2016ರಲ್ಲಿ ಅದನ್ನು ಖಾಸಗಿ ಪ್ರತಿಷ್ಠಾನದ ಉಸ್ತುವಾರಿಗೆ ಒಪ್ಪಿಸುವ ಪ್ರಸ್ತಾಪವನ್ನು ಕಲಾವಿದರು ವಿರೋಧಿಸಿದಾಗ, ಏನನ್ನೂ ಕೊಳ್ಳದೆ ಒಳಗೆ ಹೋಗಬಹುದಾದ ಒಂದು ಜಾಗದ ಪ್ರಶ್ನೆಯೂ ಅದರಲ್ಲಿ ಅಡಗಿತ್ತು. ಜೆ.ಪಿ. ನಗರದ ರಂಗಶಂಕರವೂ ಗಮನಾರ್ಹ; ನಾಟಕದಷ್ಟೇ ಆಸಕ್ತಿಯಿಂದ ಅದರ ಕುರಿತ ಮಾತುಕತೆ ಅಲ್ಲಿನ ಉಪಾಹಾರ ಗೃಹದಲ್ಲಿ ನಡೆಯುತ್ತದೆ.

ಮಾರುಕಟ್ಟೆ ಕುರ್ಚಿಯನ್ನು ಮಾರುತ್ತದೆ. ಅದನ್ನು ದೂರಿ ಫಲವಿಲ್ಲ. ಆದರೆ ಕೊಳ್ಳಲಾರದವರ ಪಾಡೇನು? ಮಂಡಿನೋವಿನ ಹಿರಿಯರು, ಕಂಕುಳಲ್ಲಿ ಮಗುವನ್ನೆತ್ತಿಕೊಂಡ ತಾಯಿ, ಕೆಲಸ ಅರಸುತ್ತ ನಗರಕ್ಕೆ ಬಂದ ಯುವಕ ಎಲ್ಲಿ ಕೂರಬೇಕು? ಬಸ್ ನಿಲ್ದಾಣ, ಗ್ರಂಥಾಲಯ, ಉದ್ಯಾನ, ಕಲಾಶಾಲೆಗಳ ಬಳಿ ನೆರಳಿನಲ್ಲೊಂದು ಬೆಂಚು, ಕುಡಿಯುವ ನೀರು, ಬಳಸಲು ಯೋಗ್ಯವಾದ ಶೌಚಾಲಯ ಒದಗಿಸುವುದು ದುಬಾರಿಯ ಯೋಜನೆಯೇನೂ ಅಲ್ಲ. ಮೇಲುಸೇತುವೆಯ ಒಂದು ಕಂಬದ ವೆಚ್ಚದಲ್ಲಿ ಎಷ್ಟೋ ಬೆಂಚುಗಳು ಬಂದಾವು. ದರ್ಶಿನಿಯ ಮಾಲೀಕರು ಕುರ್ಚಿ ತೆಗೆದದ್ದಕ್ಕೆ ಬಾಡಿಗೆಯ ಸಮರ್ಥನೆಯಿದೆ. ನಗರಾಡಳಿತಕ್ಕೆ ಆ ಸಮರ್ಥನೆಯೂ ಇಲ್ಲ.