ಮುತ್ತು, ತಂತಿ ಮತ್ತು ಲೆಕ್ಕ: ಹೊಸಬರಿಗೊಂದು ಕಿರು ಉದ್ಯಮ

ಯಂತ್ರವಿಲ್ಲದೆ, ಪ್ರತ್ಯೇಕ ಕಟ್ಟಡದ ಹಂಗಿಲ್ಲದೆ, ಮನೆಯ ಮೇಜಿನ ಮೇಲೆಯೇ ಆರಂಭಿಸಬಹುದಾದ ಕಿರು ಉದ್ಯಮಗಳಲ್ಲಿ ತಂತಿ ಸುತ್ತಿದ ಮುತ್ತಿನ ಆಭರಣಗಳ ತಯಾರಿಕೆಯೂ ಒಂದು. ಗೃಹಿಣಿಯರು, ವಿದ್ಯಾರ್ಥಿನಿಯರು, ಫ್ಯಾನ್ಸಿ ಅಂಗಡಿಗಳ ಮಾಲೀಕರು ಇದರತ್ತ ಒಲವು ತೋರುವುದು ಸಹಜ. ಆದರೆ ಕಲಿಕೆಯ ಹಂತದ ನಷ್ಟವನ್ನೂ ದುಡಿಮೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ, ಮಾರಾಟ ಹೆಚ್ಚಿದಂತೆಲ್ಲ ನಷ್ಟವೂ ಹೆಚ್ಚುವ ವಿಚಿತ್ರ ಸ್ಥಿತಿ ಒದಗುತ್ತದೆ. ಆದ್ದರಿಂದ ಕೈಕೌಶಲ ಮತ್ತು ಲೆಕ್ಕಾಚಾರ ಎರಡನ್ನೂ ಜೊತೆಯಾಗಿಯೇ ಕಲಿಯುವುದು ಲೇಸು.

ಮುತ್ತಿಗೆ ತಂತಿಯೇ ಏಕೆ?

ಮುತ್ತು ಗಣಿಯಿಂದ ಬಂದ ಕಲ್ಲಲ್ಲ. ಚಿಪ್ಪುಜೀವಿಯೊಂದು ಪದರ ಪದರವಾಗಿ ಕಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಜೈವಿಕ ಅಂಟಿನ ಸಂಯೋಗ ಅದು. ವಜ್ರದ ಗಡಸುತನವನ್ನು 10 ಎಂದು ಗಣಿಸುವ ಮೋಸ್ ಮಾಪಕದಲ್ಲಿ ಮುತ್ತಿನ ಸ್ಥಾನ ಸುಮಾರು 2.5ರಿಂದ 4.5. ಬೆಸುಗೆಯ ಉರಿ ತಗುಲಿದರೆ ಅದರ ಕಾಂತಿ ಕೆಡುತ್ತದೆ, ಆಮ್ಲ ತಗುಲಿದರೆ ಮೈ ಸವೆಯುತ್ತದೆ. ತಂತಿ ಸುತ್ತುವ ವಿಧಾನದಲ್ಲಿ ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಮುತ್ತಿನ ರಂಧ್ರದಲ್ಲಿ ತಂತಿಯನ್ನು ಹಾಯಿಸಿ, ತುದಿಯನ್ನು ಕುಣಿಕೆಯಾಗಿ ಬಗ್ಗಿಸಿ, ಉಳಿದ ಎಳೆಯನ್ನು ಕುಣಿಕೆಯ ಕತ್ತಿಗೆ ಸುತ್ತಿದರೆ ಜೋಡಣೆ ಭದ್ರವಾಗುತ್ತದೆ.

ಮುತ್ತಿನ ಖರೀದಿ

ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಅರೆಗೋಳಾಕಾರದ ಮುತ್ತನ್ನು ಕೃಷಿಯಿಂದ ಪಡೆದ ನಂತರ ಈ ವ್ಯಾಪಾರದ ಸ್ವರೂಪವೇ ಬದಲಾಯಿತು. 1930ರ ದಶಕದಲ್ಲಿ ಕೊಲ್ಲಿ ಪ್ರದೇಶದ ನೈಸರ್ಗಿಕ ಮುತ್ತಿನ ವಹಿವಾಟು ಕುಸಿಯಿತು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಸಿಹಿನೀರಿನ ಕೃಷಿ ಮುತ್ತುಗಳಲ್ಲಿ ಬಹುಪಾಲು ಚೀನಾದವು. ನಮ್ಮ ನೆರೆಯ ಹೈದರಾಬಾದು ಮುತ್ತಿನ ವ್ಯಾಪಾರಕ್ಕೆ ಹೆಸರಾದ ನಗರ.

ಹೊಸಬರು ಪೂರ್ಣ ರಂಧ್ರವಿರುವ ಮುತ್ತುಗಳನ್ನೇ ಕೇಳಿ ಪಡೆಯಬೇಕು. ಅರ್ಧ ರಂಧ್ರದವು ಕಡ್ಡಿಗೆ ಅಂಟಿಸುವ ಕೆಲಸಕ್ಕೆ ಮಾತ್ರ ಬರುತ್ತವೆ. ಎರಡು ಮುತ್ತುಗಳನ್ನು ಪರಸ್ಪರ ಮೆಲ್ಲಗೆ ಉಜ್ಜಿದಾಗ ನವಿರಾದ ಮರಳಿನಂತಹ ಒರಟುತನ ತೋರಿದರೆ ಅವು ನೈಸರ್ಗಿಕ ಅಥವಾ ಕೃಷಿ ಮುತ್ತುಗಳು. ನುಣುಪಾಗಿ ಜಾರಿದರೆ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಕೃತಕ ಮಣಿಗಳಿರುವ ಸಂಭವ ಹೆಚ್ಚು. ಇದು ಪ್ರಾಥಮಿಕ ಪರೀಕ್ಷೆ ಮಾತ್ರ. ಬೆಲೆಬಾಳುವ ಸರಕಿಗೆ ಪ್ರಯೋಗಾಲಯದ ಪರೀಕ್ಷೆಯೇ ಆಧಾರ.

ಉಪಕರಣ ಮತ್ತು ತಂತಿ

ಗುಂಡುಮೂತಿಯ ಇಕ್ಕಳ, ಹಲ್ಲಿಲ್ಲದ ಚಪ್ಪಟೆಮೂತಿಯ ಇಕ್ಕಳ ಮತ್ತು ತಂತಿ ಕತ್ತರಿಸುವ ಕಟರ್, ಈ ಮೂರು ಸಾಕು. ಹಲ್ಲಿರುವ ಇಕ್ಕಳ ತಂತಿಯ ಮೇಲೆ ಗೀರು ಮೂಡಿಸುತ್ತದೆ.

ತಂತಿಯ ಗೇಜಿನ ವಿಷಯದಲ್ಲಿ ಎಚ್ಚರ ಅಗತ್ಯ. ಗೇಜ್ ಸಂಖ್ಯೆ ಏರಿದಂತೆ ತಂತಿ ತೆಳುವಾಗುತ್ತದೆ. 24 ಗೇಜ್ ಎಂದರೆ ಅಮೆರಿಕನ್ ಪದ್ಧತಿಯಲ್ಲಿ 0.51 ಮಿ.ಮೀ., ಬ್ರಿಟಿಷ್ ಪದ್ಧತಿಯಲ್ಲಿ 0.56 ಮಿ.ಮೀ. ಸಿಹಿನೀರಿನ ಮುತ್ತಿನ ಕಿರಿದಾದ ರಂಧ್ರಕ್ಕೆ ಈ ಅಲ್ಪ ವ್ಯತ್ಯಾಸವೂ ಮುಖ್ಯ. ಆದ್ದರಿಂದ ಬೇಡಿಕೆ ಸಲ್ಲಿಸುವಾಗ ಮಿಲಿಮೀಟರಿನಲ್ಲೇ ಅಳತೆ ನಮೂದಿಸುವುದು ಕ್ಷೇಮ. ಬಿಗಿಯಾದ ತಂತಿಯನ್ನು ಬಲವಂತವಾಗಿ ತೂರಿಸಿದರೆ ರಂಧ್ರದ ಅಂಚು ಸಿಡಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಅಭ್ಯಾಸದ ಕ್ರಮ

ಮೊದಲ ಅಭ್ಯಾಸಕ್ಕೆ ತಾಮ್ರದ ತಂತಿ ಮತ್ತು ಅಗ್ಗದ ಗಾಜಿನ ಮಣಿಗಳು ಸಾಕು. ಮಣಿಯ ಮೇಲ್ಭಾಗದಲ್ಲಿ 2ರಿಂದ 3 ಮಿ.ಮೀ. ಕತ್ತು ಬಿಟ್ಟು ತಂತಿಯನ್ನು ಲಂಬಕೋನದಲ್ಲಿ ಬಗ್ಗಿಸಬೇಕು. ಗುಂಡುಮೂತಿಯ ಇಕ್ಕಳದ ಸುತ್ತ ಎಳೆದು ಕುಣಿಕೆ ಮಾಡಬೇಕು. ಕುಣಿಕೆಯನ್ನು ಚಪ್ಪಟೆ ಇಕ್ಕಳದಿಂದ ಹಿಡಿದು, ಉಳಿದ ಎಳೆಯನ್ನು ಕತ್ತಿಗೆ ಎರಡು ಮೂರು ಸುತ್ತು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಕತ್ತರಿಸಿ ಒಳಕ್ಕೆ ಒತ್ತಬೇಕು. ತುದಿ ಹೊರಚಾಚಿದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅಂತಹ ಸರಕು ಅಂಗಡಿಗೆ ಮರಳಿ ಬರುವುದು ಖಚಿತ.

ಕುಣಿಕೆಗಳು ಒಂದೇ ಗಾತ್ರದಲ್ಲಿ ಬರಲು ಇಕ್ಕಳದ ಮೂತಿಯ ಮೇಲೆ ಶಾಯಿಯ ಗುರುತು ಹಾಕಿಕೊಳ್ಳುವುದು ಸುಲಭೋಪಾಯ. ತಂತಿಯನ್ನು ಪದೇ ಪದೇ ಬಗ್ಗಿಸಿ ನೆಟ್ಟಗೆ ಮಾಡಿದರೆ ಅದು ಗಡುಸಾಗಿ ಮುರಿಯುತ್ತದೆ. ತಪ್ಪಿದ ತುಂಡನ್ನು ತಿದ್ದುವುದಕ್ಕಿಂತ ಬದಿಗಿಟ್ಟು ಹೊಸದನ್ನು ತೆಗೆದುಕೊಳ್ಳುವುದು ಉತ್ತಮ. ಬೆಳ್ಳಿಯ ತುಂಡುಗಳನ್ನು ಕೂಡಿಟ್ಟರೆ ಅವಕ್ಕೂ ಬೆಲೆ ಉಂಟು.

ಬೆಲೆ ನಿಗದಿ

ಒಂದು ಜೊತೆ ಓಲೆಯ ಲೆಕ್ಕವನ್ನು ಕೇವಲ ಉದಾಹರಣೆಗಾಗಿ ಹೀಗೆ ಊಹಿಸಬಹುದು. ಮುತ್ತು ರೂ. 60, ತಂತಿ ಮತ್ತು ಕೊಕ್ಕೆ ರೂ. 50, ಪೆಟ್ಟಿಗೆ ರೂ. 15, ಮುತ್ತು-ತಂತಿಯ ಮೇಲೆ ಶೇ. 10 ವ್ಯರ್ಥ ರೂ. 11, ಒಟ್ಟು ಸಾಮಗ್ರಿ ರೂ. 136. ಗಂಟೆಗೆ ರೂ. 100ರಂತೆ ಅರ್ಧ ಗಂಟೆಯ ಕೂಲಿ ರೂ. 50 ಸೇರಿದರೆ ತಯಾರಿಕಾ ವೆಚ್ಚ ರೂ. 186. ನೇರವಾಗಿ ರೂ. 250ಕ್ಕೆ ಮಾರಿದರೆ ರೂ. 64 ಉಳಿಯುತ್ತದೆ. ಅದೇ ಓಲೆಯನ್ನು ಶೇ. 30 ಕಮಿಷನ್ ಪಡೆಯುವ ಅಂಗಡಿಯ ಮೂಲಕ ಮಾರಿದರೆ ಕೈಗೆ ಬರುವುದು ರೂ. 175, ಪ್ರತಿ ಜೊತೆಗೆ ರೂ. 11 ನಷ್ಟ.

ಮನೆಯವರ ದುಡಿಮೆಗೆ ಕೂಲಿ ಬರೆಯದ ಪುಸ್ತಕದಲ್ಲಿ ಈ ನಷ್ಟ ರೂ. 39ರ ಲಾಭವಾಗಿ ಕಾಣುತ್ತದೆ. ಅನೇಕ ಗೃಹೋದ್ಯಮಗಳು ವರ್ಷಗಟ್ಟಲೆ ದುಡಿದೂ ಬೆಳೆಯದಿರಲು ಇದೇ ಕಾರಣ. ಕಲಿಯುವವರು ಅದೇ ಓಲೆಗೆ ಎರಡು ಗಂಟೆ ತೆಗೆದುಕೊಂಡರೆ ವೆಚ್ಚ ರೂ. 336 ಆಗುತ್ತದೆ. ಹೆಚ್ಚುವರಿ ರೂ. 150 ತರಬೇತಿಯ ವೆಚ್ಚವೇ ಹೊರತು ಗ್ರಾಹಕರು ಭರಿಸಬೇಕಾದ ಬೆಲೆಯಲ್ಲ. ಅದನ್ನು ಪ್ರತ್ಯೇಕವಾಗಿ ಬರೆದಿಟ್ಟು, ವೇಗ ಕುದುರಿದ ಮೇಲೆ ಮಾರಾಟಕ್ಕಿಳಿಯುವುದು ವಿವೇಕ.

ತೆರಿಗೆ ಮತ್ತು ಬಿಲ್ಲು

ಮುತ್ತು, ಬೆಳ್ಳಿ ಆಭರಣ ಹಾಗೂ ಕೃತಕ ಆಭರಣಗಳಿಗೆ ಜಿಎಸ್‌ಟಿ ದರ ಶೇ. 3. ಕರ್ನಾಟಕದೊಳಗೆ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು ರೂ. 40 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದವರಿಗೆ ಖರೀದಿಯ ಮೇಲಿನ ತೆರಿಗೆ ಹಿಂದಿರುಗುವುದಿಲ್ಲ, ಅದೂ ವೆಚ್ಚದ ಭಾಗವೇ. ಅನ್ಯ ರಾಜ್ಯಗಳಿಗೆ ಮಾರುವವರು ಅಧಿಸೂಚಿತ ಕರಕುಶಲ ವಸ್ತುಗಳ ವಿನಾಯಿತಿ ತಮಗೆ ಅನ್ವಯಿಸುವುದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಬಿಲ್ಲಿನಲ್ಲಿ ‘ಸಿಹಿನೀರಿನ ಕೃಷಿ ಮುತ್ತು’, ‘ಕೃತಕ ಮುತ್ತು’, ‘92.5 ಬೆಳ್ಳಿ’, ‘ಬೆಳ್ಳಿ ಲೇಪಿತ ತಾಮ್ರ’ ಎಂದು ಇದ್ದದ್ದನ್ನು ಇದ್ದಂತೆ ಬರೆಯಬೇಕು. ತಪ್ಪು ವಿವರಣೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ಸುಗಂಧ ದ್ರವ್ಯ ಹಚ್ಚಿಕೊಂಡ ನಂತರವೇ ಮುತ್ತು ಧರಿಸಬೇಕು, ಬಳಸಿದ ಮೇಲೆ ಮೃದು ಬಟ್ಟೆಯಿಂದ ಒರೆಸಬೇಕು, ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಬಾರದು ಎಂಬ ಸೂಚನೆಯ ಚೀಟಿಯೊಂದನ್ನು ಪೆಟ್ಟಿಗೆಯೊಳಗಿಟ್ಟರೆ ದೂರುಗಳು ತಗ್ಗುತ್ತವೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ರೂ. 250ರ ಓಲೆಯಲ್ಲೂ ಮಾತು ಉಳಿಸಿಕೊಂಡ ತಯಾರಕರ ಬಳಿಗೆ ಗ್ರಾಹಕರು ಮದುವೆಯ ಹಾರಕ್ಕೂ ಬರುತ್ತಾರೆ. ಆ ಹೊತ್ತಿಗೆ ಕೈಯೂ ಪಳಗಿರಬೇಕು, ಪುಸ್ತಕವೂ ಸರಿಯಿರಬೇಕು.