ಡೊಂಬಿವಲಿಯಲ್ಲಿ ಹಳೆಯ ಸ್ವಿಫ್ಟ್ ಕೊಳ್ಳುವ ಮುನ್ನ: ಐವತ್ತು ಸಾವಿರದ ರಿಪೇರಿ ಲೆಕ್ಕ

ಈ ವಾರದ ಮಾತು ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ. ಮನೆ ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ, ಆಫೀಸು ಐರೋಲಿಯಲ್ಲೋ ಮಹಾಪೆಯಲ್ಲೋ. ಲೋಕಲ್ ಟ್ರೈನಿನ ನೂಕುನುಗ್ಗಲು ಸಾಕಾಗಿದೆ. ಗಣೇಶ ಚೌತಿಗೆ ಊರಿಗೆ ಹೋಗೋಣ ಅಂದ್ರೆ ಬಸ್ ಟಿಕೆಟ್ ಸಿಗಲ್ಲ. ಮೂರು ಲಕ್ಷ ಕೂಡಿಟ್ಟಿದ್ದೀರಿ. ಪಕ್ಕದ ಸೊಸೈಟಿಯಲ್ಲಿ ಒಂದು ಪೆಟ್ರೋಲ್ ಸ್ವಿಫ್ಟ್ ಮಾರಾಟಕ್ಕಿದೆ, ನೋಡೋಕೆ ಫಳಫಳ ಅಂತಿದೆ. ಆ ಮೂರು ಲಕ್ಷವನ್ನೂ ಅವರ ಕೈಗೆ ಕೊಟ್ಟುಬಿಡಬೇಡಿ. ಯಾಕೆ ಅಂತ ಹೇಳ್ತೀನಿ.

ಸ್ವಿಫ್ಟ್ ನಮ್ಮ ದೇಶಕ್ಕೆ ಬಂದದ್ದು 2005ರಲ್ಲಿ. ಇವತ್ತು ಈ ಬಜೆಟ್‌ನಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳೋದು 2011ರಿಂದ 2017ರವರೆಗೆ ಬಂದ ಎರಡನೇ ತಲೆಮಾರಿನದು. ಅದರ 1.2 ಲೀಟರ್ ಪೆಟ್ರೋಲ್ ಎಂಜಿನ್ ಗಟ್ಟಿ. ಒಳಗೆ ಟೈಮಿಂಗ್ ಬೆಲ್ಟ್ ಅಲ್ಲ, ಚೈನ್ ಇದೆ. ಬಿಡಿಭಾಗ ಯಾವ ಗಲ್ಲಿಯಲ್ಲೂ ಸಿಗುತ್ತೆ. ಹಾಗಾಗಿ ಎಂಜಿನ್ ಬಗ್ಗೆ ಅಷ್ಟು ಹೆದರಬೇಕಿಲ್ಲ. ಖರ್ಚು ಬರೋದು ಎಂಜಿನ್ನಿನ ಸುತ್ತ ಇರುವ ಭಾಗಗಳಿಂದ. ಅವುಗಳನ್ನು ಸವೆಸೋದು ನಮ್ಮ ರಸ್ತೆ, ನಮ್ಮ ಮಳೆ.

ಕೆಳಗೆ ಹೇಳುವ ರೇಟುಗಳೆಲ್ಲ ಹೊರಗಿನ ಒಳ್ಳೆ ಗ್ಯಾರೇಜಿನ ಅಂದಾಜು, ಕೂಲಿ ಸೇರಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಇದಕ್ಕಿಂತ ಹೆಚ್ಚಾಗುತ್ತೆ.

ಕ್ಲಚ್

ಕಲ್ಯಾಣ್–ಶೀಳ್ ರಸ್ತೆಯಲ್ಲಿ ಸಂಜೆ ಏಳಕ್ಕೆ ಶೀಳ್‌ಫಾಟಾ ದಾಟಿದವರಿಗೆ ಗೊತ್ತು. ಹತ್ತು ಅಡಿ ಮುಂದೆ, ಬ್ರೇಕ್, ಮತ್ತೆ ಹತ್ತು ಅಡಿ. ಅರ್ಧ ಕ್ಲಚ್ಚಿನಲ್ಲೇ ಗಂಟೆಗಟ್ಟಲೆ ಓಡಿದ ಕಾರಿನ ಮೀಟರು ಕಡಿಮೆ ಕಿಲೋಮೀಟರ್ ತೋರಿಸಬಹುದು, ಆದರೆ ಕ್ಲಚ್ ಪ್ಲೇಟ್ ಮುಗಿದಿರುತ್ತೆ. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಜೋರಾಗಿ ಒತ್ತಿ. ಎಂಜಿನ್ ಕೂಗು ಏರಿ ಕಾರಿನ ವೇಗ ಏರದಿದ್ರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಪೆಡಲ್ ಪೂರ್ತಿ ಮೇಲೆ ಬಂದಮೇಲಷ್ಟೇ ಕಾರು ಚಲಿಸಿದ್ರೂ ಅದೇ ಕಥೆ. ಪೂರ್ತಿ ಸೆಟ್ ಬದಲಿಸೋಕೆ 7ರಿಂದ 9 ಸಾವಿರ.

ಸಸ್ಪೆನ್ಷನ್ ಮತ್ತು ಟೈರು

ಮಳೆಗಾಲದ ಘೋಡ್‌ಬಂದರ್ ರೋಡ್ ನೆನಪಿಸಿಕೊಳ್ಳಿ. ಆ ಗುಂಡಿಗಳ ಪೆಟ್ಟು ಬೀಳೋದು ಮುಂದಿನ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಲಿಂಕ್ ರಾಡ್ ಮೇಲೆ. ಟೆಸ್ಟ್ ಡ್ರೈವಿನಲ್ಲಿ ಮ್ಯೂಸಿಕ್ ಆಫ್ ಮಾಡಿಸಿ, ಕಿಟಕಿ ಇಳಿಸಿ, ಸ್ಪೀಡ್ ಬ್ರೇಕರ್ ಮೇಲೆ ನಿಧಾನ ಹತ್ತಿಸಿ. 'ಟಕ್ ಟಕ್' ಸದ್ದು ಬಂದ್ರೆ ಮುಂದಿನ ಭಾಗಕ್ಕೆ 8ರಿಂದ 12 ಸಾವಿರ ಇಟ್ಟುಕೊಳ್ಳಿ. ಟೈರಿನ ಒಳ ಅಂಚು ಮಾತ್ರ ಸವೆದಿದ್ರೆ ಅದೂ ಇದೇ ರೋಗದ ಲಕ್ಷಣ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಗೆರೆ ಚೆನ್ನಾಗಿದ್ರೂ ಅಷ್ಟು ಹಳೆಯ ರಬ್ಬರನ್ನು ನಂಬಿ ಘಾಟಿ ಇಳಿಯಬಾರದು. ನಾಲ್ಕು ಟೈರಿಗೆ 16ರಿಂದ 20 ಸಾವಿರ.

ಎಸಿ ಮತ್ತು ಬ್ಯಾಟರಿ

ಕಾರು ನಿಂತಲ್ಲೇ ಹದಿನೈದು ನಿಮಿಷ ಎಸಿ ಓಡಿಸಿ. ಓಡುವಾಗ ತಂಪು, ನಿಂತಾಗ ಬಿಸಿಗಾಳಿ ಅಂದ್ರೆ ಫ್ಯಾನ್ ಅಥವಾ ಕಂಡೆನ್ಸರ್ ತೊಂದರೆ ಇರಬಹುದು. ವಾಶಿ, ಖಾರ್‌ಘರ್ ಕಡೆ ಖಾಡಿಯ ಉಪ್ಪುಗಾಳಿ ಬೇರೆ ಇದೆ, ಕಂಡೆನ್ಸರ್ ಜೊತೆಗೆ ಕಾರಿನ ತಳದ ತುಕ್ಕನ್ನೂ ನೋಡಿ. ಕಂಡೆನ್ಸರ್, ಗ್ಯಾಸ್ ಸೇರಿ 5ರಿಂದ 7 ಸಾವಿರ. ಕಂಪ್ರೆಸರ್ ಹೋಗಿದ್ರೆ 15 ಸಾವಿರ ದಾಟುತ್ತೆ. ಬ್ಯಾಟರಿಗೆ 4ರಿಂದ 5 ಸಾವಿರ.

ನೀರು ಕುಡಿದ ಕಾರು

ಇದು ಮಾತ್ರ ರಿಪೇರಿ ಲೆಕ್ಕಕ್ಕೆ ಸಿಗದ ಸಮಸ್ಯೆ. 2005ರ ಜುಲೈ 26 ಎಲ್ಲರಿಗೂ ನೆನಪಿದೆ. 2019ರ ಜುಲೈ 27ರಂದು ಉಲ್ಲಾಸ್ ನದಿ ಉಕ್ಕಿ ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನೀರಲ್ಲಿ ನಿಂತಿತ್ತು. ರೈಲೇ ಮುಳುಗುವ ಕಡೆ ಪಾರ್ಕಿಂಗ್‌ನಲ್ಲಿದ್ದ ಕಾರುಗಳ ಗತಿ ಏನು? ಒಣಗಿಸಿ, ಪಾಲಿಶ್ ಮಾಡಿದ್ರೆ ಹೊರಗೆ ಏನೂ ಗೊತ್ತಾಗಲ್ಲ. ಆದರೆ ವೈರಿಂಗ್ ಒಂದೊಂದಾಗಿ ಕೈಕೊಡುತ್ತೆ, ಅದೂ ಎಲ್ಲಿ ಕೈಕೊಡುತ್ತೆ ಅಂತ ಹೇಳೋಕಾಗಲ್ಲ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಇದೆಯಾ? ಕಾರ್ಪೆಟ್ ಎತ್ತಿ ವಾಸನೆ ನೋಡಿ. ಸೀಟಿನ ಹಳಿ, ಸ್ಟೆಪ್ನಿ ಇಡುವ ಗುಂಡಿ, ಫ್ಯೂಸ್ ಬಾಕ್ಸ್ ಇಲ್ಲೆಲ್ಲ ತುಕ್ಕು ಅಥವಾ ಒಣ ಮಣ್ಣು ಕಂಡ್ರೆ ಎಷ್ಟೇ ಕಡಿಮೆಗೆ ಕೊಟ್ರೂ ಬೇಡ ಅಂತ ಎದ್ದು ಬನ್ನಿ.

ಇನ್ನೊಂದು ಮಾತು. ನಿಮ್ಮದೇ ಕಾರು ನೀರಲ್ಲಿ ನಿಂತು ಆಫ್ ಆದ್ರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಒಳಗೆ ನೀರು ಹೋಗಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಎಂಜಿನ್ ಪ್ರೊಟೆಕ್ಷನ್ ಕವರ್ ಇಲ್ಲದ ಇನ್ಶೂರೆನ್ಸಿನಲ್ಲಿ ಸಾಮಾನ್ಯವಾಗಿ ಈ ನಷ್ಟಕ್ಕೆ ದುಡ್ಡು ಬರಲ್ಲ.

ಸಿಎನ್‌ಜಿ, ಕಾಗದಪತ್ರ

ಸ್ವಿಫ್ಟ್‌ಗೆ ಕಂಪನಿಯೇ ಸಿಎನ್‌ಜಿ ಕೊಟ್ಟಿದ್ದು 2022ರಲ್ಲಿ. ಅಂದ್ರೆ ಅದಕ್ಕಿಂತ ಹಳೆಯದರಲ್ಲಿ ಸಿಲಿಂಡರ್ ಇದ್ರೆ ಅದು ಹೊರಗೆ ಹಾಕಿಸಿದ್ದು. ಆರ್‌ಸಿಯಲ್ಲಿ ಸಿಎನ್‌ಜಿ ಅಂತ ನಮೂದಾಗಿದೆಯಾ, ಮೂರು ವರ್ಷಕ್ಕೊಮ್ಮೆ ಆಗಬೇಕಾದ ಸಿಲಿಂಡರ್ ಟೆಸ್ಟ್ ಆಗಿದೆಯಾ ನೋಡಿ.

ನಂಬರು ಎಂಎಚ್ 04 ಠಾಣೆ, 05 ಕಲ್ಯಾಣ, 43 ನವಿ ಮುಂಬಯಿ, 46 ಪನವೇಲ್. ಯಾವುದಾದ್ರೂ ಸರಿ, ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ಇನ್ಶೂರೆನ್ಸ್, ಬ್ಯಾಂಕ್ ಸಾಲ, ಬಾಕಿ ಚಲನ್ ನೋಡಿಕೊಳ್ಳಿ. ರಿಜಿಸ್ಟ್ರೇಷನ್ ಹದಿನೈದು ವರ್ಷಕ್ಕೆ ಮುಗಿಯುತ್ತೆ. 2012ರ ಕಾರಾದ್ರೆ 2027ಕ್ಕೆ ಫಿಟ್ನೆಸ್, ನವೀಕರಣ, ಗ್ರೀನ್ ಟ್ಯಾಕ್ಸ್ ನಿಮ್ಮ ತಲೆಗೇ ಬರುತ್ತೆ.

ಈಗ ಕೂಡಿಸೋಣ

ನಡುವಿನ ರೇಟು ಹಿಡಿದರೆ ಕ್ಲಚ್ 8,000, ಮುಂದಿನ ಸಸ್ಪೆನ್ಷನ್ 10,000, ಟೈರು 18,000, ಕಂಡೆನ್ಸರ್ 6,000, ಬ್ಯಾಟರಿ 4,500, ಆಯಿಲ್–ಫಿಲ್ಟರ್–ಬ್ರೇಕ್ ಪ್ಯಾಡ್ ಸೇರಿ ಒಂದು ಪೂರ್ತಿ ಸರ್ವಿಸ್ 5,500. ಒಟ್ಟು 52,000. ಎಲ್ಲವೂ ಒಂದೇ ಕಾರಿಗೆ ಬರಬೇಕಂತಿಲ್ಲ. ಆದರೆ ಕೈಯಲ್ಲಿ ಮೂರು ಲಕ್ಷ ಇದ್ರೆ ನೀವು ನೋಡಬೇಕಾದದ್ದು ಎರಡೂವರೆ ಲಕ್ಷದ ಕಾರು. ಪರಿಚಯದ ಮೆಕ್ಯಾನಿಕ್‌ಗೆ ಸಾವಿರ ರೂಪಾಯಿ ಕೊಟ್ಟು ಜೊತೆಗೆ ಕರ್ಕೊಂಡು ಹೋಗಿ. ಅವರು ಹೇಳಿದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಮಾರುವವರ ಮುಂದಿಡಿ. 'ಸ್ವಲ್ಪ ಕಡಿಮೆ ಮಾಡಿ' ಅನ್ನೋದಕ್ಕಿಂತ ಆ ಚೀಟಿ ಚೆನ್ನಾಗಿ ಚೌಕಾಸಿ ಮಾಡುತ್ತೆ.

ಕೊನೆಯದಾಗಿ, ದುಡ್ಡು ಕೊಟ್ರೂ ಗ್ಯಾರೇಜಿನಲ್ಲಿ ಸರಿಮಾಡಿಸೋಕಾಗದ ಒಂದು ಕೊರತೆ ಇದೆ. ಆ ಕಾಲದ ಎಲ್ಲ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗ್, ಎಬಿಎಸ್ ಇರಲಿಲ್ಲ. ಇದೇ ಕಾರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಖಂಡಾಲಾ, ಖಂಬಾಟ್ಕಿ ಘಾಟಿ ದಾಟಿ ನಿಪ್ಪಾಣಿ ಮೇಲೆ ಊರಿಗೆ ಹೋಗೋರು ನೀವು. ಬಣ್ಣ, ಮ್ಯಾಗ್ ವ್ಹೀಲ್, ಟಚ್ ಸ್ಕ್ರೀನ್ ಬಿಟ್ಟು ಇವೆರಡೂ ಇರೋ ಕಾರನ್ನೇ ಹುಡುಕಿ. ಎರಡು ವಾರ ತಡವಾದ್ರೂ ಪರವಾಗಿಲ್ಲ.