ಗಾಳಕ್ಕೊಂದು ಕಟ್ಟಳೆ

ಸಮುದ್ರದ ದೈತ್ಯ ಮೀನುಗಳನ್ನು ಕೋಲು, ದಾರ, ರೀಲುಗಳಿಂದಲೇ ದಣಿಸಿ ಎಳೆದು ತರುವ ಕ್ರೀಡೆಗೆ ಬಹಳ ವಯಸ್ಸೇನೂ ಆಗಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಗಾಳದ ಕೋಲು ಹೆಚ್ಚಾಗಿ ಹೊಳೆ, ಕೆರೆಗಳ ಸಲಕರಣೆ. ಆಗಿನ ದಕ್ಷಿಣ ಕೆನರಾದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳಗಾರಿಕೆಯ ಬಗ್ಗೆ 1873ರಲ್ಲಿ ಹೊರತಂದ ಪುಸ್ತಕದಲ್ಲೂ, ಕಡಲು ಕಣ್ಣೆದುರೇ ಇದ್ದರೂ, ಮುಖ್ಯ ಪಾತ್ರ ಹೊಳೆಯ ಮಹಸೀರ್‌ನದೇ. ಕಡಲಿನ ದೊಡ್ಡ ಮೀನಿಗೆ ಬಲೆ, ಈಟಿ, ಇಲ್ಲವೇ ಕೈಯಲ್ಲಿ ಹಿಡಿದೆಳೆಯುವ ದಪ್ಪ ದಾರದ ಗಾಳ. ಅದು ಹೊಟ್ಟೆಪಾಡಿನ ಕೆಲಸವಾಗಿತ್ತು.

ಬದಲಾವಣೆಯ ಮೊದಲ ಸುಳಿವು ಫ್ಲೋರಿಡಾದಿಂದ ಬಂತು. 1885ರಲ್ಲಿ ಪುಂಟಾ ರಾಸಾ ಎಂಬಲ್ಲಿ ಡಬ್ಲ್ಯೂ. ಎಚ್. ವುಡ್ 93 ಪೌಂಡ್ (42 ಕೆ.ಜಿ.) ತೂಕದ ಟಾರ್ಪನ್ ಮೀನನ್ನು ಕೋಲು-ರೀಲಿನಿಂದ ಹಿಡಿದರು. ಟಾರ್ಪನ್ ಬೆಳ್ಳಿ ಬಣ್ಣದ, ದೊಡ್ಡ ದೊಡ್ಡ ಹುರುಪೆಗಳ ಮೀನು. ನೀರಿನ ಮೇಲೆ ಬಂದು ಗಾಳಿ ಗುಟುಕರಿಸಬಲ್ಲದು. ಗಾಳ ಚುಚ್ಚಿದೊಡನೆ ಮತ್ತೆ ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ಮುಳ್ಳೇ ಹೆಚ್ಚಿರುವ ಅದನ್ನು ಅಮೆರಿಕದಲ್ಲಿ ತಿನ್ನುವವರು ಕಡಿಮೆ. ಆದರೂ ಅದಕ್ಕಾಗಿ ಶ್ರೀಮಂತರು ದೂರದಿಂದ ಫ್ಲೋರಿಡಾಕ್ಕೆ ಬರತೊಡಗಿದರು.

ಆದರೆ ಈ ಹವ್ಯಾಸಕ್ಕೆ ಕಟ್ಟುಪಾಡು ಒದಗಿದ್ದು ದೇಶದ ಇನ್ನೊಂದು ಅಂಚಿನಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಕ್ಯಾಟಲೀನಾ ದ್ವೀಪದಲ್ಲಿ. ಪ್ರಕೃತಿ ವಿಜ್ಞಾನದ ಲೇಖಕ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಅಲ್ಲಿಗೆ ಬಂದಾಗ, ಜನ ಕೈಗಾಳದಿಂದ ಲೆಕ್ಕವಿಲ್ಲದಷ್ಟು ಮೀನು ಎಳೆದು ಹಾಕುತ್ತಿದ್ದರು. ಈ ವ್ಯರ್ಥ ಕೊಲೆ ಅವರಿಗೆ ಹಿಡಿಸಲಿಲ್ಲ. 1898ರ ಜೂನ್ 1ರಂದು ಅವರು 183 ಪೌಂಡ್ (83 ಕೆ.ಜಿ.) ತೂಕದ ಬ್ಲೂಫಿನ್ ಟ್ಯೂನಾವನ್ನು ಕೋಲಿನಿಂದಲೇ ಹಿಡಿದರು. ದೋಣಿಯನ್ನೇ ಮೈಲುಗಟ್ಟಲೆ ಎಳೆದೊಯ್ದ ಮೀನು ಅದು. ಅದೇ ವರ್ಷ ದ್ವೀಪದ ಅವಲಾನ್ ಊರಿನಲ್ಲಿ ‘ಟ್ಯೂನಾ ಕ್ಲಬ್’ ಹುಟ್ಟಿತು. ದಾರ 24 ಎಳೆಗಿಂತ ದಪ್ಪ ಇರಕೂಡದು. ಮೀನನ್ನು ಕೊಕ್ಕೆಯ ಅಳತೆಗೆ ತರುವವರೆಗೆ ಇನ್ನೊಬ್ಬರ ಕೈ ಸೋಕಕೂಡದು. ನಿಯಮಗಳ ತಿರುಳು ಇಷ್ಟೇ: ಹಿಡಿಯುವವನು ತನ್ನ ಬಲವನ್ನು ತಾನೇ ಕಡಿಮೆ ಮಾಡಿಕೊಳ್ಳಬೇಕು. ಈ ಕ್ರೀಡೆ ನಿಜವಾಗಿ ಹುಟ್ಟಿದ್ದು ಆ ಟ್ಯೂನಾ ಸಿಕ್ಕ ದಿನವಲ್ಲ, ಈ ಕಟ್ಟಳೆ ಬರೆದ ದಿನ ಎನ್ನಬೇಕು.

ಕಟ್ಟಳೆಯೇನೋ ಬಂತು, ಅದಕ್ಕೆ ತಕ್ಕ ಉಪಕರಣ ಇರಲಿಲ್ಲ. ಆಗಿನ ರೀಲಿನ ಹಿಡಿಕೆ ಉರುಳೆಗೇ ಬಿಗಿಯಾಗಿ ಸೇರಿಕೊಂಡಿತ್ತು. ಮೀನು ಓಡಿದರೆ ಹಿಡಿಕೆ ಹಿಮ್ಮುಖವಾಗಿ ಗಿರ್ರನೆ ತಿರುಗಿ ಬೆರಳ ಗಂಟುಗಳನ್ನು ಜಜ್ಜುತ್ತಿತ್ತು. ಬ್ರೇಕ್ ಎಂದರೆ ಹೆಬ್ಬೆರಳಿನಿಂದ ಒತ್ತುವ ಚರ್ಮದ ತುಂಡು. ಕ್ಲಬ್ಬಿನ ಸದಸ್ಯ ವಿಲಿಯಂ ಬೋಶನ್ ಇದಕ್ಕೆ ಪರಿಹಾರ ಯೋಚಿಸಿದರು. ಬ್ರೂಕ್ಲಿನ್‌ನ ಜೂಲಿಯಸ್ ವೋಮ್ ಹೋಫ್ ಅದರಂತೆ ರೀಲು ತಯಾರಿಸಿದರು. ರೀಲಿನೊಳಗಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಒತ್ತಡ ಎಷ್ಟಿರಬೇಕೆಂಬುದನ್ನು ಹೊರಗಿನ ನಕ್ಷತ್ರಾಕಾರದ ತಿರುಗಣೆಯಿಂದ ಗೊತ್ತುಮಾಡಬಹುದು. ಮೀನು ಅದಕ್ಕಿಂತ ಜೋರಾಗಿ ಎಳೆದರೆ ಉರುಳೆ ಜಾರಿ ದಾರ ಬಿಡುತ್ತದೆ, ಹಿಡಿಕೆ ಮಾತ್ರ ನಿಂತಲ್ಲೇ ನಿಲ್ಲುತ್ತದೆ. 1913ರಲ್ಲಿ ಬೋಶನ್ 355 ಪೌಂಡಿನ ಕತ್ತಿಮೀನನ್ನು ಹಿಡಿದರು. ಕೋಲು-ರೀಲಿಗೆ ಸಿಕ್ಕ ಮೊದಲ ಕತ್ತಿಮೀನು ಅದೇ ಎನ್ನುತ್ತಾರೆ. ದೊಡ್ಡ ಮೀನಿನ ಇಂದಿನ ರೀಲುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಜಾರುಬ್ರೇಕಿನ ಸಂತತಿಯೇ.

ಕೀರ್ತಿ ಹಬ್ಬಿಸಿದವರು ಕಾದಂಬರಿಕಾರರು. ಕೌಬಾಯ್ ಕಥೆಗಳಿಂದ ಹೆಸರಾದ ಜೇನ್ ಗ್ರೇ ಅವಲಾನ್‌ನಲ್ಲಿ 418 ಪೌಂಡಿನ ಕತ್ತಿಮೀನು ಹಿಡಿದು ಬೀಗಿದರು. 1921ರಲ್ಲಿ ಮಹಿಳೆಯೊಬ್ಬರು 426 ಪೌಂಡಿನದನ್ನು ತಂದಾಗ, ಹೆಂಗಸೊಬ್ಬಳೇ ಅದನ್ನು ಹಿಡಿದಿರಲಾರಳು ಎಂದು ಗೊಣಗಿ ಕ್ಲಬ್ಬಿನವರ ಸಿಟ್ಟಿಗೆ ಗುರಿಯಾದರು, ಕೊನೆಗೆ ಅಲ್ಲಿಂದ ದೂರವೂ ಆದರು. ಆ ಮುನಿಸು ಕ್ರೀಡೆಗೆ ಲಾಭವನ್ನೇ ತಂದಿತು. ಗ್ರೇ 1926ರಲ್ಲಿ ನ್ಯೂಜಿಲೆಂಡ್‌ಗೆ ಹೋದರು. 1930ರಲ್ಲಿ ತಹೀತಿಯ ಬಳಿ 1,040 ಪೌಂಡಿನ ಮಾರ್ಲಿನ್ ಹಿಡಿದರು. ದೋಣಿಗೆ ತರುವಷ್ಟರಲ್ಲಿ ಶಾರ್ಕ್‌ಗಳು ಅದರ ಮೈಯನ್ನು ಕಿತ್ತು ತಿಂದಿದ್ದವು.

ಶಾರ್ಕ್‌ಗಳ ಕಾಟ ಬಹಾಮಾಸ್‌ನ ಬಿಮಿನಿಯಲ್ಲೂ ಇತ್ತು. ಬ್ಲೂಫಿನ್ ಟ್ಯೂನಾ ತನ್ನ ಸ್ನಾಯುಗಳ ಬಿಸಿಯನ್ನು ಮೈಯೊಳಗೇ ಉಳಿಸಿಕೊಳ್ಳುವ ಮೀನು. ರಕ್ತನಾಳಗಳ ದಟ್ಟ ಜಾಲದಲ್ಲಿ ಬಿಸಿ ರಕ್ತ ತಣ್ಣನೆಯ ರಕ್ತಕ್ಕೆ ಶಾಖ ದಾಟಿಸುವುದರಿಂದ ತಂಪು ಆಳದಲ್ಲೂ ಅದರ ಕಸುವು ಕುಂದದು. ಹಾಗಾಗಿ ಕಾದಾಟ ಗಂಟೆಗಟ್ಟಲೆ ನಡೆಯುತ್ತದೆ, ಅಷ್ಟರಲ್ಲಿ ಶಾರ್ಕ್ ಬಂದುಬಿಡುತ್ತದೆ. 1935ರಲ್ಲಿ ಅರ್ನೆಸ್ಟ್ ಹೆಮಿಂಗ್ವೇ ಮೀನಿಗೆ ಸುಧಾರಿಸಿಕೊಳ್ಳಲು ಬಿಡದೆ ಎಳೆಯುತ್ತಲೇ ಇದ್ದು, ಟ್ಯೂನಾವನ್ನು ಗಾಯವಿಲ್ಲದೆ ಮೇಲೆ ತಂದು ದಾರಿ ತೋರಿಸಿದರು. ನಮ್ಮ ಕರಾವಳಿಯ ಕೇದರ ಈ ಟ್ಯೂನಾ ಬಳಗದ ಚಿಕ್ಕ ನೆಂಟ.

ಸಾಗರಕ್ಕೊಂದು ಕ್ಲಬ್ಬು, ಕ್ಲಬ್ಬಿಗೊಂದು ನಿಯಮ ಎಂದಾದಾಗ ಯಾರ ದಾಖಲೆ ದೊಡ್ಡದು ಎಂದು ಹೇಳುವುದೇ ಕಷ್ಟವಾಯಿತು. ಮೈಕಲ್ ಲರ್ನರ್ ಮುಂದಾಳತ್ವದಲ್ಲಿ 1939ರ ಜೂನ್ 7ರಂದು ನ್ಯೂಯಾರ್ಕ್‌ನ ಅಮೆರಿಕನ್ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘ ಸ್ಥಾಪನೆಯಾಯಿತು. ಅವಲಾನ್‌ನ ಮೂಲತತ್ವ ಅದರ ಕಟ್ಟಳೆಯಲ್ಲೂ ಉಳಿಯಿತು: ಕಾದಾಟದ ನಡುವೆ ಬೇರೆಯವರು ಕೋಲು ಮುಟ್ಟಿದರೆ ದಾಖಲೆ ರದ್ದು. 1953ರ ಆಗಸ್ಟ್ 4ರಂದು ಪೆರುವಿನ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡ್ (708 ಕೆ.ಜಿ.) ತೂಕದ ಕರಿ ಮಾರ್ಲಿನ್ ಆ ಜಾತಿಯಲ್ಲಿ ಇನ್ನೂ ಮುರಿಯದ ದಾಖಲೆ. ಆ ಹೋರಾಟದ ಚಿತ್ರಣವನ್ನು 1958ರಲ್ಲಿ ಬಂದ, ಹೆಮಿಂಗ್ವೇ ಕಥೆಯ ಸಿನಿಮಾದಲ್ಲಿ ಬಳಸಿಕೊಂಡರು.

ದಾಖಲೆಯ ಹುಚ್ಚಿಗೆ ಕರಾಳ ಮುಖವೊಂದಿತ್ತು. ತೂಗಬೇಕಾದರೆ ಮೀನನ್ನು ಕೊಂದು ದಡಕ್ಕೆ ತರಬೇಕು. ಗಂಡು ಮಾರ್ಲಿನ್ ಅಷ್ಟು ದೊಡ್ಡದಾಗಿ ಬೆಳೆಯುವುದೇ ಇಲ್ಲ. ತಕ್ಕಡಿಗೆ ನೇತುಬಿದ್ದ ದೈತ್ಯಗಳೆಲ್ಲ ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲ ಹೆಣ್ಣುಗಳು. ವ್ಯರ್ಥ ಕೊಲೆ ತಡೆಯಲು ಬರೆದ ಕಟ್ಟಳೆ ಕಡೆಗೆ ಬಂದು ನಿಂತದ್ದು ಇಲ್ಲಿಗೆ.

ತಿದ್ದುಪಡಿಯ ದಾರಿ ವಿಜ್ಞಾನದ ಕಡೆಯಿಂದ ತೆರೆಯಿತು. ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಫ್ರ್ಯಾಂಕ್ ಮೇದರ್ 1954ರಲ್ಲಿ ಹವ್ಯಾಸಿಗಳ ಕೈಗೆ ಗುರುತುಪಟ್ಟಿ ಕೊಟ್ಟು, ಹಿಡಿದ ಮೀನಿಗೆ ಅದನ್ನು ಚುಚ್ಚಿ ಬಿಟ್ಟುಬಿಡಲು ಕೇಳಿಕೊಂಡರು. ಹಾಗೆ ಬಿಟ್ಟ ಬ್ಲೂಫಿನ್‌ಗಳು ಅಟ್ಲಾಂಟಿಕ್ ದಾಟುತ್ತವೆ ಎಂದು ತಿಳಿದದ್ದು ಇದರಿಂದಲೇ. ಮುಂದೆ ವೃತ್ತಾಕಾರದ ಗಾಳ ಬಳಕೆಗೆ ಬಂತು. ಅದು ಕರುಳಿಗೆ ಇಳಿಯದೆ ಬಾಯಿಯ ಮೂಲೆಯಲ್ಲೇ ಸಿಕ್ಕಿಕೊಳ್ಳುವುದರಿಂದ ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮಾರ್ಲಿನ್ ಪಂದ್ಯಗಳಲ್ಲಿ ನಿಜವಾದ ಮೀನನ್ನು ಎರೆಯಾಗಿ ಗಾಳಕ್ಕೆ ಸಿಕ್ಕಿಸುವವರು 2008ರಿಂದ ಇದನ್ನೇ ಬಳಸಬೇಕಾಗಿದೆ. 2011ರಲ್ಲಿ ಅಂತರರಾಷ್ಟ್ರೀಯ ಸಂಘವೂ ಉದ್ದದ ದಾಖಲೆಗಳನ್ನು ಆರಂಭಿಸಿತು. ಇವಕ್ಕೆ ತಕ್ಕಡಿ ಬೇಡ. ಸಂಘ ಒಪ್ಪಿದ ಅಳತೆ ಪಟ್ಟಿಯ ಮೇಲೆ ಮೀನನ್ನು ಮಲಗಿಸಿ, ಚಿತ್ರ ತೆಗೆದು, ಜೀವಂತವಾಗಿ ನೀರಿಗೆ ಬಿಟ್ಟರಷ್ಟೇ ದಾಖಲೆಗೆ ಮಾನ್ಯತೆ.